ಅದು ಎಲ್ಲಿ ಬರೆದುಂಟು ಅಂತ ಕೇಳುವ ಹುಡುಗಿ

ನಾನು ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವ. ಸ್ಟೇಟ್ ಬ್ಯಾಂಕಿನಿಂದ ಸುರತ್ಕಲ್, ಸುರತ್ಕಲ್‌ನಿಂದ ಸ್ಟೇಟ್ ಬ್ಯಾಂಕ್. ಎಲ್ಲ ಸೇರಿಸಿದ್ರೆ ಚಂದ್ರನ ಹತ್ತಿರ ಹೋಗಿ ಬಂದಷ್ಟು ದೂರ, ಅದೂ ನಿಂತುಕೊಂಡೇ. ಆಗಿನ ರಶ್ಶು ನಿಮಗೆ ಗೊತ್ತಿಲ್ಲ. ಹಂಪನಕಟ್ಟೆಯಲ್ಲಿ ಹತ್ತಿದ ಒಬ್ಬ ಮನುಷ್ಯನ ಕಾಲು ಸುರತ್ಕಲ್‌ವರೆಗೆ ಬಸ್ಸಿನ ನೆಲಕ್ಕೆ ತಾಗಲೇ ಇಲ್ಲ. ಗಾಳಿಯಲ್ಲೇ ನಿದ್ದೆ ಮಾಡಿದ. ಇಳಿದು ನೋಡುವಾಗ ಕಾಲಲ್ಲಿ ಬೇರೆ ಯಾರದ್ದೋ ಚಪ್ಪಲಿ, ಅದೂ ಅವನದ್ದಕ್ಕಿಂತ ಒಳ್ಳೆಯದು.

ಇದೆಲ್ಲ ಬುರುಡೆ ಅಂತ ನನ್ನ ಹೆಂಡತಿ ಬಾಗಿ ಹೇಳ್ತಾಳೆ. ಅವಳ ಮಾತು ನಂಬಬೇಡಿ, ಅವಳು ರಿಕ್ಷಾದಲ್ಲಿ ಹೋಗುವವಳು.

ಆದ್ರೆ ಇವತ್ತು ಹೇಳ್ಲಿಕ್ಕೆ ಹೊರಟದ್ದು ನನ್ನ ಕಥೆ ಅಲ್ಲ, ನಿರೀಕ್ಷಾಳ ಕಥೆ. ಇದರಲ್ಲಿ ಬುರುಡೆ ಬಂದ್ರೆ ನಾನೇ ಕೈ ಎತ್ತಿ ಹೇಳ್ತೇನೆ.

ಹಂಪನಕಟ್ಟೆಯಲ್ಲಿ ಒಂದು ಲಾಡ್ಜಿನ ಮೂರನೇ ಮಾಳಿಗೆಯಲ್ಲಿ ನಮ್ಮದೊಂದು ಸಣ್ಣ ರೇಡಿಯೋ ಉಂಟು. ಊರಿನವರೇ ಸೇರಿ ನಡೆಸುವುದು. ಗಾಳಿ ಸರಿ ಬೀಸಿದ್ರೆ ಉರ್ವದವರೆಗೆ ಚಂದ ಕೇಳ್ತದೆ, ಗಾಳಿ ತಿರುಗಿದ್ರೆ ಕೆಳಗಿನ ಮಾಳಿಗೆಗೂ ಕೇಳುವುದಿಲ್ಲ. (ಕೈ ಎತ್ತಿದ್ದೇನೆ, ನೋಡಿ.) ಪ್ರತಿ ಗುರುವಾರ ಸಂಜೆ ಅದರಲ್ಲಿ ‘ತುಕ್ರಜ್ಜನ ಬುರುಡೆ’ ಅಂತ ಒಂದು ಕಾರ್ಯಕ್ರಮ ಬರ್ತದೆ. ತುಕ್ರಜ್ಜ ಹೇಳಿದ್ರೆ ನಾನೇ. ಶುಕ್ರವಾರ ಹುಟ್ಟಿದ್ದಕ್ಕೆ ತುಕ್ರ. ನಮ್ಮ ಕಾಲದಲ್ಲಿ ಹೆಸರು ಹುಡುಕ್ಲಿಕ್ಕೆ ಪುಸ್ತಕ ತರ್ತಿರ್ಲಿಲ್ಲ, ಕ್ಯಾಲೆಂಡರ್ ನೋಡ್ತಿದ್ರು.

ನಾಲ್ಕು ವರ್ಷದ ಹಿಂದೆ ನಿರೀಕ್ಷಾ ಅಲ್ಲಿಗೆ ಬಂದದ್ದು ಫೋನ್ ತೆಗೀಲಿಕ್ಕೆ. ಬಾಗಿಲ ಹತ್ತಿರ ಒಂದು ಮೇಜು, ಒಂದು ಫೋನು, ಬಂದವರ ಹೆಸರು ಬರೆಯುವ ಒಂದು ಪುಸ್ತಕ, ಅಷ್ಟೇ. ಬಿ.ಕಾಂ. ಓದಿದ ಹುಡುಗಿ. ಅಮ್ಮ ಉರ್ವ ಮಾರ್ಕೆಟಿನಲ್ಲಿ ಮಲ್ಲಿಗೆ ಮಾರ್ತಾರೆ, ಅಪ್ಪ ಸೌದಿಯ ದಮಾಮ್‌ನಲ್ಲಿ ಕ್ರೇನ್ ಓಡಿಸ್ತಾರೆ. ನೋಡ್ಲಿಕ್ಕೆ ಸಣ್ಣ ಆಳು, ಆದ್ರೆ ಒಂದು ಪ್ರಶ್ನೆ ಕೇಳಿದ್ರೆ ಉತ್ತರ ಸಿಗುವವರೆಗೆ ಅಲ್ಲಿಂದ ಕದಲುವ ಜನ ಅಲ್ಲ. ಪ್ರಶ್ನೆ ಸಹ ಯಾವಾಗಲೂ ಒಂದೇ: “ಅದು ಎಲ್ಲಿ ಬರೆದುಂಟು?”

“ನಾಳೆ ರಜೆ,” ಅಂದ್ರೆ, “ಎಲ್ಲಿ ಬರೆದುಂಟು?” “ಈ ಸ್ವಿಚ್ ಮುಟ್ಟಬಾರದು,” ಅಂದ್ರೆ, “ಎಲ್ಲಿ ಬರೆದುಂಟು?”

ಇದು ಎಲ್ಲಿಂದ ಬಂತು ಅಂತ ಅವಳ ಅಮ್ಮ ನನಗೆ ಹೇಳಿದ್ದಾರೆ, ಬಾಗಿಗೆ ಒಂದು ಚೆಂಡು ಮಲ್ಲಿಗೆ ತೆಗೆದುಕೊಳ್ಳುವಾಗ. ಹುಡುಗಿಗೆ ಆಗ ಏಳು ವರ್ಷ. “ಅಮ್ಮಾ, ನಮ್ಮ ಬರಿ ಯಾವುದು?” ಅಂತ ಕೇಳಿದ್ಳಂತೆ. ಬರಿ ಹೇಳಿದ್ರೆ ನಮ್ಮ ತುಳುವರಲ್ಲಿ ತಾಯಿಯ ಕಡೆಯಿಂದ ಬರುವ ಕುಲ. ತಾಯಿಯದ್ದು ಯಾವುದೋ ಮಕ್ಕಳದ್ದೂ ಅದೇ, ಸಾಯುವವರೆಗೆ ಬದಲಾಗುವುದಿಲ್ಲ. ಅಮ್ಮ “ಬಂಗೇರ” ಅಂದ್ರು. ಇವಳು, “ಎಲ್ಲಿ ಬರೆದುಂಟು?”

ರೇಷನ್ ಕಾರ್ಡ್ ನೋಡಿದ್ಳು, ಇಲ್ಲ. ಟ್ರಂಕಿನ ಒಳಗೆ ನೋಡಿದ್ಳು, ಇಲ್ಲ. ಅಮ್ಮನಿಗೆ ಹೂ ಕಟ್ಟುವ ಅರ್ಜೆಂಟು. “ನಿನ್ನ ಮೇಲೆಯೇ ಬರೆದುಂಟು, ಹೋಗು ಅತ್ಲಾಗಿ,” ಅಂದ್ರು. ಹುಡುಗಿ ಕನ್ನಡಿ ಮುಂದೆ ನಿಂತು ಅಂಗಿ ಎತ್ತಿ ಬೆನ್ನು ನೋಡಿಕೊಂಡಳಂತೆ. ಅಲ್ಲೂ ಇಲ್ಲ. ಎರಡು ದಿನ ಊಟ ಸರಿ ಮಾಡ್ಲಿಲ್ಲ.

ಈ ಬರಿಯ ಮಾತನ್ನು ನೆನಪಿಟ್ಟುಕೊಳ್ಳಿ, ಸುಮ್ಮನೆ ಹೇಳಿದ್ದಲ್ಲ.

ರೇಡಿಯೋದಲ್ಲಿ ಕಂಪ್ಯೂಟರ್ ಇರುವುದು ಒಂದೇ. ಹಾಡು, ಭಾಷಣ, ನನ್ನ ಬುರುಡೆ, ಎಲ್ಲ ಅದರ ಹೊಟ್ಟೆಯಲ್ಲಿ. ಹಗಲಿಡೀ ರೇಡಿಯೋ ನಡೆಸುವುದೂ ಅದೇ ಪೆಟ್ಟಿಗೆ. ಅದನ್ನು ನೋಡಿಕೊಳ್ತಿದ್ದದ್ದು ಕಜೆಟನ್. ಒಳ್ಳೆ ಮನುಷ್ಯ. ಅರುವತ್ತು ತುಂಬಿದ ದಿನ ಕೀಬೋರ್ಡ್ ಕೆಳಗಿಟ್ಟು, “ಇನ್ನು ನಾನು ಕೇಕ್ ಮಾಡ್ತೇನೆ,” ಅಂತ ಹೊರಟೇ ಹೋದ. ಈಗ ಮನೆಯಲ್ಲೇ ಬೇಕರಿ. ಅವನ ಜಾಗಕ್ಕೆ ಯಾರು ಅಂತ ಎಲ್ಲರೂ ಮುಖ ಮುಖ ನೋಡುವಾಗ ನಿರೀಕ್ಷಾ ಬಾಗಿಲ ಹತ್ತಿರದ ಮೇಜಿನಿಂದ ಎದ್ದು ಬಂದು, “ನಾನು ನೋಡಿಕೊಳ್ತೇನೆ,” ಅಂದ್ಳು. ಕಜೆಟನ್‌ನ ನೋಟುಪುಸ್ತಕ ಮೂರು ಸಲ ಓದಿದ್ದಳಂತೆ, ಮಧ್ಯಾಹ್ನ ಫೋನ್ ಬಾರದ ಹೊತ್ತಿನಲ್ಲಿ.

ರೇಡಿಯೋದ ಯಜಮಾನಿಕೆ ಗೋಪಾಲಕೃಷ್ಣ ಮಾಸ್ಟ್ರದ್ದು. ಗಣಿತದ ಮಾಸ್ಟ್ರಾಗಿದ್ದವರು, ಮನೆತನ ದೇವಸ್ಥಾನದ ಪೂಜೆಯದ್ದು. ಯಾವುದಕ್ಕೂ ಒಂದು ಗಡುವು ಇಡದೆ ಅವರಿಗೆ ನಿದ್ದೆ ಬರುವುದಿಲ್ಲ. “ಮೂರು ತಿಂಗಳು ನೋಡುವ. ರೇಡಿಯೋ ಒಂದು ದಿನವೂ ಬಾಯಿ ಮುಚ್ಚಬಾರದು. ಮುಚ್ಚಿತು ಅಂತಾದ್ರೆ ಹೊರಗಿನ ಕಂಪನಿಗೆ ಕೊಡ್ತೇವೆ, ನೀನು ಪುನಃ ಫೋನಿಗೆ,” ಅಂದ್ರು. ಬೈದು ಹೇಳಿದ್ದಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿದ್ರು. ಅದು ಬೈದದ್ದಕ್ಕಿಂತ ಜಾಸ್ತಿ ತಾಗ್ತದೆ.

ಆ ಮೂರು ತಿಂಗಳು ಮುಗಿಯುವುದು ಒಂದು ಶುಕ್ರವಾರ. ನಾನು ಹೇಳುವ ಸಂಗತಿ ನಡೆದದ್ದು ಅದೇ ವಾರದ ಸೋಮವಾರದಿಂದ.

ಸೋಮವಾರ ಹೊಸ ಪ್ರಿಂಟರ್ ಬಂತು. ನಾನು ಚಾ ಕುಡಿಯುವ ನೆಪದಲ್ಲಿ ಹೋಗಿದ್ದೆ. ನಿರೀಕ್ಷಾ ಕಂಪ್ಯೂಟರಿನ ಮುಂದೆ ಕೂತು ಕಣ್ಣು ಇಷ್ಟು ದೊಡ್ಡ ಮಾಡಿ ನೋಡ್ತಿದ್ಳು.

“ಅಜ್ಜ, ಇಲ್ಲಿ ಬನ್ನಿ. ನಿಮ್ಮ ಹೆಸರು ಎಲ್ಲಿ ಉಂಟು ಗೊತ್ತುಂಟಾ?”

“ಎಲ್ಲಿ? ಪೊಲೀಸ್ ಸ್ಟೇಶನಿನಲ್ಲಾ?”

“ಯಜಮಾನರ ಗುಂಪಿನಲ್ಲಿ! ಇದಕ್ಕೆ ಸುಡೋ ಅಂತ ಹೆಸರು. ಈ ಗುಂಪಿನಲ್ಲಿದ್ದವರು ಈ ಪೆಟ್ಟಿಗೆಯಲ್ಲಿ ಎಂತ ಬೇಕಾದ್ರೂ ಮಾಡಬಹುದು. ಯಾರನ್ನು ಬೇಕಾದ್ರೂ ಸೇರಿಸಬಹುದು, ತೆಗೀಬಹುದು, ಎಲ್ಲ ಅಳಿಸಿ ಹಾಕಬಹುದು. ನೋಡಿ, ಮೊದಲ ಹೆಸರು ತುಕ್ರ, ಮತ್ತೆ ನಿರೀಕ್ಷಾ. ಇಬ್ಬರೇ.”

ನಾನು ಕನ್ನಡಕ ಒರೆಸಿ ನೋಡಿದೆ. ಹೌದು ಮಾರಾಯ್ರೆ! ಎಂಟು ವರ್ಷದಿಂದ ನಾನು ರಾಜ, ಒಬ್ಬ ಪಾಪಿಯೂ ನನಗೆ ಹೇಳ್ಲಿಲ್ಲ. ಗೊತ್ತಿದ್ರೆ ಒಂದು ಕುರ್ಚಿ ಆದ್ರೂ ಕೇಳ್ತಿದ್ದೆ.

ಅದು ಹೇಗೆ ಆದದ್ದು ಅಂತ ಆಮೇಲೆ ನೆನಪಾಯ್ತು. ಎಂಟು ವರ್ಷದ ಹಿಂದೆ ಪೆಟ್ಟಿಗೆ ಹೊಸತಾಗಿ ತಂದಾಗ ಕಜೆಟನ್ ನನ್ನನ್ನು ಕರೆದು, “ಅಜ್ಜ, ಒಳ್ಳೆ ಕೆಲಸ ದೊಡ್ಡವರ ಕೈಯಿಂದ ಶುರುವಾಗಲಿ, ಬನ್ನಿ, ನಿಮ್ಮ ಹೆಸರು ಒತ್ತಿ,” ಅಂದಿದ್ದ. ನಮ್ಮಲ್ಲಿ ಹಾಗೆಯೇ ಅಲ್ವಾ, ಬಾವಿಗೆ ಮೊದಲ ಹಾರೆ, ಅಂಗಡಿಗೆ ಮೊದಲ ದೀಪ, ಎಲ್ಲ ಹಿರಿಯರದ್ದು. ನಾನು ಒಂದು ಬೆರಳಿನಲ್ಲಿ ಹೆಸರು ಒತ್ತಿದೆ, ಒಂದು ಪಾಸ್‌ವರ್ಡೂ ಒತ್ತಿದೆ, ಎಲ್ಲರೂ ಚಪ್ಪಾಳೆ ತಟ್ಟಿದ್ರು, ಲಡ್ಡು ತಿಂದೆವು. ಕಂಪ್ಯೂಟರಿಗೆ ಲಡ್ಡು ಗೊತ್ತುಂಟಾ? ಮೊದಲು ಹೆಸರು ಒತ್ತಿದವನೇ ಯಜಮಾನ ಅಂತ ಅದು ಬರೆದಿಟ್ಟುಕೊಂಡಿತು. ಕಜೆಟನ್ ತನ್ನನ್ನು ಆಮೇಲೆ ಸೇರಿಸಿಕೊಂಡ. ಹೋಗುವಾಗ, “ಮನೆ ಬಿಟ್ಟವ ಬೀಗದ ಕೈ ಇಟ್ಟುಕೊಳ್ಳಬಾರದು,” ಅಂತ ತನ್ನ ಹೆಸರು ಅಳಿಸಲಿಕ್ಕೆ ಹೇಳಿ ಹೋದ. ನನ್ನದು ಉಳಿಯಿತು.

“ಇದೆಲ್ಲ ಅದು ಎಲ್ಲಿ ಬರೆದಿಡ್ತದೆ ಮಗಾ?” ಅಂತ ಕೇಳಿದೆ. ಅವಳ ಪ್ರಶ್ನೆಯನ್ನು ಅವಳಿಗೇ ಕೊಟ್ಟದ್ದು. ಮುಖ ಅರಳಿತು.

“ನಾನೂ ಅದನ್ನೇ ಹುಡುಕಿದ್ದು ಅಜ್ಜ! ಎಂತದೋ ಭಯಂಕರ ಇರಬೇಕು ಅಂತ ಗ್ರಹಿಸಿದ್ದೆ. ನೋಡಿದ್ರೆ ಎರಡು ಪುಸ್ತಕ.”

ತೋರಿಸಿದ್ಳು. ಪುಸ್ತಕ ಅಂದ್ರೆ ಪುಸ್ತಕ ಅಲ್ಲ, ಫೈಲು. ಒಂದು ಜನರ ಪುಸ್ತಕ. ಒಬ್ಬೊಬ್ಬರಿಗೆ ಒಂದೊಂದು ಗೆರೆ: ಹೆಸರು, ಅವರ ನಂಬರು, ಹುಟ್ಟುಗುಂಪಿನ ನಂಬರು, ಹೀಗೆ. ಇನ್ನೊಂದು ಗುಂಪಿನ ಪುಸ್ತಕ. ಒಂದೊಂದು ಗುಂಪಿಗೆ ಒಂದೊಂದು ಗೆರೆ: ಗುಂಪಿನ ಹೆಸರು, ಅದರ ನಂಬರು, ಕೊನೆಗೆ ಸದಸ್ಯರ ಹೆಸರು, ನಡುವೆ ಕಾಮಾ. ಅಷ್ಟೇ! ಭಜನಾ ಮಂಡಳಿಯ ಹಾಜರಿ ಪುಸ್ತಕ ಇದಕ್ಕಿಂತ ದಪ್ಪ ಇರ್ತದೆ.

“ಇದು ನೋಡಿ ಅಜ್ಜ, ‘ತುಕ್ರ’ ಅಂತ ಒಂದು ಗುಂಪೂ ಉಂಟು. ನಿಮ್ಮ ಹುಟ್ಟುಗುಂಪು. ಅದರ ಗೆರೆಯಲ್ಲಿ ಸದಸ್ಯರು ಯಾರೂ ಇಲ್ಲ.”

“ನನ್ನ ಹೆಸರಿನದ್ದೇ ಗುಂಪು, ನಾನೇ ಇಲ್ವಾ? ಇದು ಎಂಥ ಸಂಘ ಮಾರಾಯ್ತಿ?”

ಅವಳು ನಕ್ಕಳು. “ನನ್ನ ಹೆಸರಿನ ಗುಂಪೂ ಹಾಗೆಯೇ, ನಾನೂ ಒಂದು ವಾರ ತಲೆ ಕೆರೆದುಕೊಂಡೆ. ಮತ್ತೆ ಅಮ್ಮನ ಮಾತು ನೆನಪಾಯ್ತು. ಬರಿಯ ಹಾಗೆ ಅಜ್ಜ! ಬಂಗೇರ ಬರಿಯವರ ಪಟ್ಟಿ ಯಾರಾದ್ರೂ ಇಟ್ಟಿದ್ದಾರಾ? ಇಲ್ಲ. ಅದು ಒಬ್ಬೊಬ್ಬರ ಮೇಲೆಯೇ ಬರೆದುಂಟು. ಹುಟ್ಟುಗುಂಪು ಜನರ ಪುಸ್ತಕದಲ್ಲಿ, ನಿಮ್ಮದೇ ಗೆರೆಯಲ್ಲಿ ಇರ್ತದೆ. ಆಮೇಲೆ ಸೇರಿದ ಸಂಘಗಳು ಮಾತ್ರ ಗುಂಪಿನ ಪುಸ್ತಕದಲ್ಲಿ. ತುಕ್ರಜ್ಜ ಯಾವ್ಯಾವ ಗುಂಪಿನಲ್ಲಿದ್ದಾರೆ ಅಂತ ಗೊತ್ತಾಗ್ಬೇಕಾದ್ರೆ ಎರಡೂ ಪುಸ್ತಕ ನೋಡ್ಬೇಕು. ಒಂದೇ ನೋಡಿದವ ಮೋಸ ಹೋಗ್ತಾನೆ.”

ಹತ್ತೊಂಬತ್ತು ವರ್ಷದ ಹಿಂದೆ ಕನ್ನಡಿಯಲ್ಲಿ ಸಿಗದ್ದು ಅವಳಿಗೆ ಇಲ್ಲಿ ಸಿಕ್ಕಿತು. ಅವಳ ಮುಖ ನೋಡ್ಬೇಕಿತ್ತು ನೀವು.

“ಈಗ ಬೇಜಾರು ಮಾಡ್ಬೇಡಿ,” ಅಂದ್ಳು. “ಯಜಮಾನರ ಗುಂಪಿನಿಂದ ನಿಮ್ಮ ಹೆಸರು ತೆಗೀತೇನೆ. ನೀವು ಏನಾದ್ರೂ ಒತ್ತಿಬಿಟ್ರೆ ರೇಡಿಯೋ ಹೋಗ್ತದೆ.”

“ತೆಗಿ ಮಗಾ. ರಾಜ್ಯ ಹೋದ್ರೂ ಚಾ ಕೊಟ್ರೆ ಸಾಕು. ಹಾಗಾದ್ರೆ ಈಗ ನನ್ನನ್ನು ಬಸ್ಸಿನಿಂದ ಇಳಿಸಿದ ಹಾಗಾ?”

“ಇಲ್ಲ ಅಜ್ಜ, ಅದೇ ತಮಾಷೆ. ಪುಸ್ತಕ ನೋಡುವುದು ಹತ್ತುವಾಗ ಮಾತ್ರ. ನೀವು ಹೆಸರು, ಪಾಸ್‌ವರ್ಡ್ ಒತ್ತಿ ಒಳಗೆ ಬರುವಾಗ ಒಂದು ಸಲ ಪುಸ್ತಕ ನೋಡಿ, ಇಂತಿಂಥ ಗುಂಪು ಅಂತ ಚೀಟಿ ಅಂಟಿಸ್ತದೆ. ಮತ್ತೆ ಇಳಿಯುವವರೆಗೆ ಆ ಚೀಟಿಯದ್ದೇ ಲೆಕ್ಕ. ನಡುವೆ ಪುಸ್ತಕದಲ್ಲಿ ಎಂತ ತಿದ್ದಿದ್ರೂ ಚೀಟಿ ಬದಲಾಗುವುದಿಲ್ಲ.”

ಇದು ನನಗೆ ಯಾರೂ ವಿವರಿಸ್ಬೇಕಾಗಿಲ್ಲ. ಕಂಡಕ್ಟರ್ ಮಾಡುವುದೂ ಅದನ್ನೇ. ಹತ್ತುವಾಗ ಪಾಸ್ ನೋಡ್ತೇನೆ, ಮತ್ತೆ ಸುರತ್ಕಲ್‌ವರೆಗೆ ಅವನ ಮುಖ ನೋಡುವುದಿಲ್ಲ. ಒಂದು ಕಾಗೆ ಹೀಗೆಯೇ ಒಂದು ಸಲ ಪಾಸ್ ತೋರಿಸಿ ಎರಡು ವರ್ಷ ಇಳಿಯದೆ ನಮ್ಮ ಬಸ್ಸಿನಲ್ಲೇ ಇತ್ತು. ಮೊಟ್ಟೆ ಇಟ್ಟಿತು, ಮರಿಗಳಿಗೆ ಅರ್ಧ ಟಿಕೆಟ್ ಮಾಡಿದೆ. (ಕೈ ಎತ್ತಿದ್ದೇನೆ.)

ಆದ್ರೆ ನಾನು ಇಳಿಯುವ ಜನ ಅಲ್ಲ. ಅದಕ್ಕೇ ನಿರೀಕ್ಷಾಳಿಗೂ ನನಗೂ ವಾರಕ್ಕೆ ಎರಡು ಸಲ ಜಗಳ. ನನ್ನ ಬುರುಡೆ ಟೈಪ್ ಮಾಡಿ ಮುಗಿದ ಮೇಲೆ ಪರದೆಯಲ್ಲಿ ‘ನಿರ್ಗಮಿಸಿ’ ಅಂತ ಇರುವ ಜಾಗ ಒತ್ತಿ ಹೊರಗೆ ಬರ್ಬೇಕಂತೆ. ನಾನು ಒತ್ತುವುದಿಲ್ಲ. ನಮ್ಮ ಮನೆಯಲ್ಲಿ ಹೊರಡುವಾಗ ‘ಹೋಗ್ತೇನೆ’ ಅಂತ ಯಾರೂ ಹೇಳುವುದಿಲ್ಲ. ‘ಪೋದು ಬರ್ಪೆ’, ಹೋಗಿ ಬರ್ತೇನೆ ಅಂತಲೇ ಹೇಳುವುದು. ಸತ್ತವ ಮಾತ್ರ ಬರೀ ಹೋಗುವುದು. ಹಾಗಿರುವಾಗ ಎಪ್ಪತ್ತೈದು ವರ್ಷದ ಮುದುಕ ತನ್ನ ಕೈಯಾರೆ ನಿರ್ಗಮಿಸಿ ಅಂತ ಒತ್ತುವುದಾ? ನಾನು ಪರದೆಗೆ ಬೀಗ ಹಾಕಿ ಎದ್ದು ಬರ್ತೇನೆ. ಬೇರೆಯವರು ಅವರವರ ಹೆಸರಿನಲ್ಲಿ ಕೂರ್ತಾರೆ, ನನ್ನದು ಒಳಗೆ ತೆರೆದೇ ಇರ್ತದೆ.

“ನಿಮ್ಮಿಂದಾಗಿ ಪೆಟ್ಟಿಗೆ ನಿಧಾನ ಆಗ್ತದೆ,” ಅಂತ ಅವಳು ಬೈಯುವುದು. “ನನ್ನಿಂದಾಗಿ ಬಸ್ಸೂ ನಿಧಾನ ಹೋಗ್ತಿತ್ತು, ಎಲ್ಲರೂ ತಲುಪಿದ್ದಾರೆ,” ಅಂತ ನಾನು.

ಆ ಸೋಮವಾರ ನಿರೀಕ್ಷಾ ಮೂರು ಕೆಲಸ ಮಾಡಿದ್ಳು. ನನ್ನ ಹೆಸರು ತೆಗೆದ್ಳು, ಇದು ಒಂದು. ಹನ್ನೆರಡು ವರ್ಷದ ಹಳೇ ಧ್ವನಿಗಳನ್ನೆಲ್ಲ ಒಂದು ಕಪಾಟಿನಲ್ಲಿ ಹಾಕಿ, ‘ಭಂಡಾರ’ ಅಂತ ಗುಂಪು ಮಾಡಿ, ಆ ಗುಂಪಿನವರು ಮಾತ್ರ ತೆರೆಯುವ ಹಾಗೆ ಮಾಡಿದ್ಳು. ಸದಸ್ಯೆ ಸದ್ಯಕ್ಕೆ ಅವಳೊಬ್ಬಳೇ. ಹಳೇ ಧ್ವನಿಯ ಕಾರ್ಯಕ್ರಮ ನಡೆಸುವ ಮೆರ್ಲಿನ್ ಅವತ್ತು ರಜೆ, ಅವಳನ್ನು ನಾಳೆ ಸೇರಿಸುವ ಅಂತ ಬಿಟ್ಳು. ಕೊನೆಗೆ, ಮನೆಗೆ ಹೊರಡುವ ಅರ್ಜೆಂಟಿನಲ್ಲಿ, ತನ್ನನ್ನು ಪ್ರಿಂಟರಿನ ಗುಂಪಿಗೆ ಸೇರಿಸಿಕೊಂಡ್ಳು.

ಎಡವಟ್ಟಾದದ್ದು ಅಲ್ಲಿ. ಹಾಗೆ ಗುಂಪಿಗೆ ಸೇರಿಸುವ ಕಮಾಂಡಿಗೆ ಎರಡು ನಮೂನೆ ಉಂಟಂತೆ. ಒಂದು, ‘ಇವಳಿಗೆ ಇರುವ ಗುಂಪುಗಳ ಜೊತೆ ಇದನ್ನೂ ಸೇರಿಸು’. ಇನ್ನೊಂದು, ‘ಇವಳಿಗೆ ಇನ್ನು ಇದೊಂದೇ, ಬಾಕಿ ಎಲ್ಲ ತೆಗೆ’. ಎರಡಕ್ಕೂ ನಡುವೆ ಇರುವುದು ಒಂದು ಸಣ್ಣ ಗುರುತು. ಅವಳು ಆ ಗುರುತು ಹಾಕ್ಲಿಲ್ಲ. ಪೆಟ್ಟಿಗೆಯೂ ಕೇಳ್ಲಿಲ್ಲ. ಯಜಮಾನಿ ಹೇಳಿದ ಮೇಲೆ ಮುಗಿಯಿತು. ಮತ್ತೆ ದಿನದ ಹಾಗೆ ಕೀಬೋರ್ಡ್ ಒರೆಸಿ, ಶಿಸ್ತಿನಲ್ಲಿ ‘ನಿರ್ಗಮಿಸಿ’ ಒತ್ತಿ, ಮನೆಗೆ ಹೋದ್ಳು.

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ನಾನು ಹೋಗುವಾಗ ಮೆರ್ಲಿನ್ ಬಾಗಿಲಲ್ಲೇ ನಿಂತಿದ್ದಾಳೆ. ಹನ್ನೊಂದಕ್ಕೆ ಅವಳ ಕಾರ್ಯಕ್ರಮ. ಬೊಕ್ಕಪಟ್ಣದ ಒಬ್ಬರು ಮುದುಕಿ ಹತ್ತು ವರ್ಷದ ಹಿಂದೆ ಹೇಳಿದ ದೋಣಿ ಹಾಡು ಅವತ್ತು ಹಾಕುವುದು ಅಂತ ಒಂದು ವಾರದಿಂದ ರೇಡಿಯೋದಲ್ಲಿ ಹೇಳಿ ಹೇಳಿ, ಆ ಮುದುಕಿಯ ಮನೆಯವರೆಲ್ಲ ಕಾದು ಕೂತಿದ್ದಾರೆ.

“ನಿರೀ, ನನಗೆ ಕಪಾಟು ಓಪನ್ ಆಗುವುದಿಲ್ಲ. ಅನುಮತಿ ಇಲ್ಲ ಅಂತ ಬರ್ತದೆ.”

“ಎರಡು ನಿಮಿಷ ಮೆರ್ಲಿನ್, ಈಗ ನಿನ್ನನ್ನು ಸೇರಿಸ್ತೇನೆ,” ಅಂತ ನಿರೀಕ್ಷಾ ಕೂತ್ಳು. ಒತ್ತಿದ್ಳು. ಪುನಃ ಒತ್ತಿದ್ಳು. ಕೈ ನಿಂತಿತು.

“ಎಂತ ಬಂತು?” ಅಂತ ನಾನು ಬಗ್ಗಿ ನೋಡಿದೆ. ಇಂಗ್ಲಿಷಿನಲ್ಲಿತ್ತು. ಅವಳೇ ಸಣ್ಣ ಸ್ವರದಲ್ಲಿ ಹೇಳಿದ್ಳು: “ನಿರೀಕ್ಷಾ ಪಟ್ಟಿಯಲ್ಲಿ ಇಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.”

“ಯಾರಿಗೆ ವರದಿ?”

“ಪೆಟ್ಟಿಗೆಯ ಯಜಮಾನರಿಗೆ.”

“ಯಜಮಾನಿ ನೀನೇ ಅಲ್ವಾ?”

“ನಿನ್ನೆಯವರೆಗೆ,” ಅಂದ್ಳು.

ಗುಂಪಿನ ಪುಸ್ತಕ ತೆರೆದು ನೋಡಿದ್ಳು. ಅದನ್ನು ಯಾರು ಬೇಕಾದ್ರೂ ಓದಬಹುದು, ತಿದ್ದಲಿಕ್ಕೆ ಮಾತ್ರ ಯಜಮಾನರೇ ಬೇಕು. ಸುಡೋದ ಗೆರೆಯಲ್ಲಿ ಒಂದು ಹೆಸರೂ ಇಲ್ಲ. ಭಂಡಾರದ ಗೆರೆಯಲ್ಲಿ ಇಲ್ಲ. ಪ್ರಿಂಟರಿನ ಗೆರೆಯಲ್ಲಿ ಮಾತ್ರ ಚಂದ ಮಾಡಿ ಬರೆದುಂಟು: ನಿರೀಕ್ಷಾ. ಮನೆಯ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಒಳಗೇ ಬಿಟ್ಟು ಬಂದ ಹಾಗೆ. ಕೈಯಲ್ಲಿ ಉಳಿದದ್ದು ಪ್ರಿಂಟರ್ ಒಂದೇ.

“ಅಜ್ಜ, ನಾನು ಈಗ ರಾಜೀನಾಮೆ ಪ್ರಿಂಟ್ ಮಾಡಬಹುದು, ಅಷ್ಟೇ,” ಅಂದ್ಳು. ನಗ್ತಾಳೆ ಅಂತ ನೋಡಿದೆ. ನಗ್ಲಿಲ್ಲ.

ಅಷ್ಟು ಹೊತ್ತಿಗೆ ಗೋಪಾಲಕೃಷ್ಣ ಮಾಸ್ಟ್ರು ಬಂದ್ರು. ಮೆರ್ಲಿನ್‌ಳ ಮುಖ ನೋಡಿದ್ರು, ಗಡಿಯಾರ ನೋಡಿದ್ರು. “ಎಂತ ಸಮಸ್ಯೆ?”

“ಕಪಾಟು ತೆರೆಯುವುದಿಲ್ಲ ಸರ್. ನೋಡ್ತಾ ಇದ್ದೇನೆ.”

“ಹತ್ತು ಐವತ್ತೈದಕ್ಕೆ ನಾನು ಕಜೆಟನ್‌ಗೆ ಫೋನ್ ಮಾಡ್ತೇನೆ. ಆಗದಿದ್ರೆ ಆಗುವುದಿಲ್ಲ ಅಂತ ಹೇಳು ನಿರೀಕ್ಷಾ, ಅದರಲ್ಲಿ ನಾಚಿಕೆ ಇಲ್ಲ,” ಅಂತ ಒಳಗೆ ಹೋದ್ರು.

ಕಜೆಟನ್ ಎಂತ ಹೇಳ್ತಾನೆ ಅಂತ ಅವಳಿಗೆ ಗೊತ್ತುಂಟು, ನೋಟುಪುಸ್ತಕದಲ್ಲೇ ಉಂಟು: ಪೆಟ್ಟಿಗೆ ಆರಿಸು, ಹಿಂಬಾಗಿಲಿನಿಂದ ಎಬ್ಬಿಸು, ಪುಸ್ತಕ ತಿದ್ದು. ಅರ್ಧ ಗಂಟೆಯ ಕೆಲಸ. ಆದ್ರೆ ಪೆಟ್ಟಿಗೆ ಆರಿಸಿದ್ರೆ ರೇಡಿಯೋ ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ್ರೆ, ಬಾಗಿಲ ಹತ್ತಿರದ ಮೇಜು, ಫೋನು, ಬಂದವರ ಹೆಸರು ಬರೆಯುವ ಪುಸ್ತಕ. ಶುಕ್ರವಾರಕ್ಕೆ ಮೂರೇ ದಿನ ಉಳಿದಿತ್ತು.

ಮೆರ್ಲಿನ್ ಜಪಸರ ಹಿಡಿದು ಕೂತ್ಳು. ನನಗೆ ಕೂರ್ಲಿಕ್ಕಾಗ್ಲಿಲ್ಲ. ಇಂಥ ಹೊತ್ತಿನಲ್ಲಿ ನನ್ನ ಬಾಯಿ ಸುಮ್ಮನೆ ಇರುವುದಿಲ್ಲ. “ಮಗಾ, ಒಂದು ಸಲ ಕೂಳೂರು ಸೇತುವೆ ಮೇಲೆ ನಮ್ಮ ಬಸ್ಸಿನ ಸ್ಟೇರಿಂಗೇ ಕೈಗೆ ಬಂತು. ಡ್ರೈವರ್ ಎಂತ ಮಾಡಿದ ಗೊತ್ತುಂಟಾ? ಪ್ಯಾಸೆಂಜರಿಗೆಲ್ಲ ಎಡಕ್ಕೆ ವಾಲಿ, ಬಲಕ್ಕೆ ವಾಲಿ ಅಂತ ಹೇಳಿ ಹೇಳಿಯೇ ಸುರತ್ಕಲ್‌ಗೆ ಮುಟ್ಟಿಸಿದ. ಒಬ್ಬನೂ ನಡುವೆ ಇಳಿಯಲಿಲ್ಲ. ಇಳಿದಿದ್ರೆ...”

ನಿರೀಕ್ಷಾ ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದ್ಳು. ಬಾಯಿ ತೆರೆದೇ ಇತ್ತು.

“ಅಜ್ಜ. ನೀವು ಇಳಿದಿದ್ದೀರಾ?”

“ನಾನಾ? ಸೇತುವೆಯಲ್ಲಾ?”

“ಸೇತುವೆ ಅಲ್ಲ ಮಾರಾಯ್ರೆ! ಇಲ್ಲಿ! ಪೆಟ್ಟಿಗೆಯಿಂದ! ನಿನ್ನೆ ನಾನು ನಿಮ್ಮ ಹೆಸರು ತೆಗೆದ ಮೇಲೆ ನೀವು ನಿರ್ಗಮಿಸಿ ಒತ್ತಿದ್ದೀರಾ?”

“ಛೆ! ನಾನು ಜನ್ಮದಲ್ಲಿ ಅದನ್ನು ಒತ್ತಿದವನಲ್ಲ. ತಿಂಗಳುಗಟ್ಟಲೆ ಆಯ್ತು, ಒಳಗೇ ಇದ್ದೇನೆ.”

ಅವಳು ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಹೋಗಿ ಪ್ರಿಂಟರಿಗೆ ಬಡಿಯಿತು. “ಕೂತುಕೊಳ್ಳಿ! ಪಾಸ್‌ವರ್ಡ್ ಒತ್ತಿ! ನೀವು ಹತ್ತುವಾಗ ಪುಸ್ತಕದಲ್ಲಿ ನಿಮ್ಮ ಹೆಸರಿತ್ತು. ಚೀಟಿ ನಿಮ್ಮ ಹತ್ತಿರ ಈಗಲೂ ಉಂಟು!”

ನಾನು ಕೂತೆ. “ಎಲ್ಲರೂ ಗೋಡೆ ನೋಡಿ,” ಅಂದೆ.

“ಅಜ್ಜ, ಹತ್ತು ನಲ್ವತ್ತೆಂಟು ಆಯ್ತು!”

“ಆದ್ರೆ ಎಂತ? ಪಾಸ್‌ವರ್ಡ್ ಯಾರಿಗೂ ತೋರಿಸಬಾರದು ಅಂತ ಗೋಡೆಯಲ್ಲಿ ಅಂಟಿಸಿದ್ದು ನೀನೇ ಅಲ್ವಾ? ಬರೆದುಂಟು ನೋಡು.”

ಇಬ್ಬರೂ ಗೋಡೆ ನೋಡಿದ್ರು. ಒಂದು ಬೆರಳಿನಲ್ಲಿ ಒತ್ತಿದೆ. ತಪ್ಪು ಅಂತ ಬಂತು. ಇನ್ನೊಂದು ಸಲ, ಒಂದೊಂದೇ ಅಕ್ಷರಕ್ಕೆ ಒಂದೊಂದು ಸ್ಟಾಪ್ ಕೊಟ್ಟು ಒತ್ತಿದೆ. ತೆರೆಯಿತು. ಹೋದ ವಾರ ಬಿಟ್ಟು ಹೋದ ನನ್ನ ಬುರುಡೆ ಅಲ್ಲೇ ಅರ್ಧಕ್ಕೆ ನಿಂತಿತ್ತು.

ನಿರೀಕ್ಷಾ ಮಗ್ಗುಲಲ್ಲಿ ನಿಂತು ಪರದೆಯಲ್ಲಿ ಕಮಾಂಡ್ ಒತ್ತುವ ಕಪ್ಪು ಕಿಟಕಿಯೊಂದನ್ನು ತೆರೆದು ಮೊದಲು ಪೆಟ್ಟಿಗೆಗೆ ಕೇಳಿದ್ಳು: ಇವರು ಯಾರು? ಅದು ಹೇಳಿತು: ಸಾವಿರ ನಂಬರಿನ ತುಕ್ರ, ಹುಟ್ಟುಗುಂಪು ತುಕ್ರ, ಮತ್ತೆ ಯಜಮಾನರ ಗುಂಪು. ಪುಸ್ತಕದಲ್ಲಿ ನನ್ನ ಹೆಸರು ಅಳಿಸಿ ಒಂದು ದಿನ ಆಗಿದೆ, ಚೀಟಿಯಲ್ಲಿ ಇನ್ನೂ ಹಾಗೆಯೇ ಉಂಟು.

ಅವಳು ಕಮಾಂಡ್ ಒತ್ತಿದ್ಳು. ಈ ಸಲ ಆ ಸಣ್ಣ ಗುರುತು ಹಾಕಿ, ಬೆರಳು ಇಟ್ಟು ಮೂರು ಸಲ ಓದಿದ್ಳು. ಪೆಟ್ಟಿಗೆ ಪುನಃ ನನ್ನ ಪಾಸ್‌ವರ್ಡ್ ಕೇಳಿತು. ಪುನಃ ಗೋಡೆ. ಒತ್ತಿದೆ. ಪೆಟ್ಟಿಗೆ ಎಂತ ಸಹ ಹೇಳ್ಲಿಲ್ಲ.

“ಆಗ್ಲಿಲ್ವಾ?” ಅಂತ ಮೆರ್ಲಿನ್.

“ಆಯ್ತು. ಆದ್ರೆ ಇದು ಮಾತಾಡುವುದಿಲ್ಲ, ಆಗದಿದ್ರೆ ಮಾತ್ರ ಮಾತಾಡುವುದು,” ಅಂತ ನಿರೀಕ್ಷಾ. ನಮ್ಮ ಮಾಸ್ಟ್ರ ಹಾಗೆ.

ತನ್ನ ಹೆಸರಿನಲ್ಲಿ ಹೊಸತಾಗಿ ಒಳಗೆ ಬಂದ್ಳು, ಚೀಟಿ ಹೊಸತು ಸಿಕ್ಕಿತು. ಮೆರ್ಲಿನ್‌ಳನ್ನು ಭಂಡಾರಕ್ಕೆ ಸೇರಿಸಿದ್ಳು. “ನೀನೂ ಒಮ್ಮೆ ಇಳಿದು ಹತ್ತು!” ಮೆರ್ಲಿನ್ ಇಳಿದ್ಳು, ಹತ್ತಿದ್ಳು, ಕಪಾಟು ತೆರೆಯಿತು. ಹತ್ತು ಐವತ್ತೈದಕ್ಕೆ ಮಾಸ್ಟ್ರು ಫೋನ್ ಹಿಡಿದು ಹೊರಗೆ ಬರುವಾಗ ಮೂವರೂ ಏನೂ ಆಗದವರ ಹಾಗೆ ಚಾ ಕುಡೀತಿದ್ದೆವು. ನನ್ನ ಗ್ಲಾಸಿನಲ್ಲಿ ಚಾ ಇರ್ಲಿಲ್ಲ, ಸುಮ್ಮನೆ ಹಿಡ್ಕೊಂಡಿದ್ದೆ. ಹನ್ನೊಂದಕ್ಕೆ ಸರಿಯಾಗಿ ಬೊಕ್ಕಪಟ್ಣದ ಮುದುಕಿ ರೇಡಿಯೋದಲ್ಲಿ ದೋಣಿ ನೀರಿಗೆ ತಳ್ಳಿದ್ರು.

ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ, ಯಾಕಂದ್ರೆ ನಿರೀಕ್ಷಾ ನಿರೀಕ್ಷಾಳೇ.

ಶುಕ್ರವಾರ ಮಾಸ್ಟ್ರು ಅವಳನ್ನು ಕರೆದು, “ಮೂರು ತಿಂಗಳು ರೇಡಿಯೋ ಬಾಯಿ ಮುಚ್ಚಲಿಲ್ಲ, ಸಂತೋಷ,” ಅನ್ನುವಾಗ ಈ ಹುಡುಗಿ, “ಸರ್, ಮಂಗಳವಾರ ಒಂದು ತಪ್ಪಾಯ್ತು,” ಅಂತ ಎಲ್ಲ ಬಿಚ್ಚಿಟ್ಟಳು! ನಾನು ಬಾಗಿಲ ಸಂದಿಯಲ್ಲಿ ನಿಂತು ತಲೆ ಚಚ್ಚಿಕೊಂಡೆ.

ಮಾಸ್ಟ್ರು ಕನ್ನಡಕ ತೆಗೆದ್ರು. “ಯಾರಿಗೂ ಗೊತ್ತಿರ್ಲಿಲ್ಲ. ಯಾಕೆ ಹೇಳಿದ್ದು?”

“ಬರೆದುಂಟು ಸರ್.”

“ಎಲ್ಲಿ?”

“ಪೆಟ್ಟಿಗೆ ಒಂದು ದಿನಚರಿ ಇಡ್ತದೆ. ಮಂಗಳವಾರ ಹತ್ತು ಐವತ್ತೊಂದಕ್ಕೆ ತುಕ್ರ ಎಂಬವರು ನಿರೀಕ್ಷಾ ಎಂಬವಳನ್ನು ಯಜಮಾನರ ಗುಂಪಿಗೆ ಸೇರಿಸಿದ್ರು ಅಂತ ಅದರಲ್ಲಿ ಉಂಟು. ನೀವು ಯಾವತ್ತೂ ನೋಡ್ಲಿಕ್ಕಿಲ್ಲ. ಆದ್ರೂ ಉಂಟು.”

ಮಾಸ್ಟ್ರು ಕನ್ನಡಕ ಪುನಃ ಹಾಕಿಕೊಂಡ್ರು. ಮತ್ತೆ ಕೇಳಿದ್ರು, “ಇನ್ನೊಮ್ಮೆ ಹೀಗೆ ಆದ್ರೆ? ಪ್ರತಿ ಸಲ ತುಕ್ರಜ್ಜ ಒಳಗಿರ್ತಾರಾ?”

“ಇಲ್ಲ ಸರ್. ಯಜಮಾನರು ಇಬ್ಬರು ಇರ್ಬೇಕು, ಮೆರ್ಲಿನ್‌ಗೆ ಕಲಿಸ್ತೇನೆ. ಒಬ್ಬರು ಇಳಿದ್ರೂ ಇನ್ನೊಬ್ಬರ ಹೆಸರು ಪುಸ್ತಕದಲ್ಲಿ ಇರ್ತದೆ.”

“ಅದನ್ನು ನೋಟುಪುಸ್ತಕದಲ್ಲಿ ಬರಿ,” ಅಂದ್ರು ಮಾಸ್ಟ್ರು. “ಕಜೆಟನ್‌ನದ್ದರಲ್ಲಿ ಅಲ್ಲ. ನಿನ್ನದೊಂದು ಹೊಸತು ಶುರು ಮಾಡು. ಮತ್ತೆ, ಬಾಗಿಲ ಹತ್ತಿರದ ಮೇಜಿಗೆ ಬೇರೆ ಯಾರಾದ್ರೂ ಇದ್ದಾರಾ ನೋಡು.”

ಹೊರಗೆ ಬಂದವಳು ನೇರ ನನ್ನ ಮುಂದೆ ನಿಂತ್ಳು. ಕಣ್ಣು ಒದ್ದೆ, ಬಾಯಿಯಲ್ಲಿ ನಗು. “ಅಜ್ಜ, ಇನ್ನು ನೀವು ಇಳೀಬೇಕು. ನಿಮ್ಮ ಚೀಟಿ ಇನ್ನೂ ಯಜಮಾನನದ್ದೇ. ಪುಸ್ತಕ ಒಂದು ಹೇಳ್ತದೆ, ಚೀಟಿ ಒಂದು ಹೇಳ್ತದೆ. ನನಗೆ ನಿದ್ದೆ ಬರುವುದಿಲ್ಲ.”

“ನಿರ್ಗಮಿಸಿ ಅಂತ ನಾನು ಒತ್ತುವವನಲ್ಲ.”

“ನಿಮ್ಮಿಂದಾಗಿ ನನ್ನ ಕೆಲಸ ಉಳಿಯಿತು. ನಾನು ಕಾಲು ಹಿಡೀಬೇಕಾ?”

“ಕಾಲು ಬೇಡ. ಮನೆಯಿಂದ ಹೊರಡುವಾಗ ನಾನು ‘ಪೋದು ಬರ್ಪೆ’ ಹೇಳ್ತೇನೆ. ಮನೆಯವರು ಎಂತ ಹೇಳ್ತಾರೆ? ಅದನ್ನು ಈ ಪೆಟ್ಟಿಗೆ ಹೇಳ್ತದಾ?”

ಅವಳು ಒಂದು ಗಳಿಗೆ ಯೋಚನೆ ಮಾಡಿದ್ಳು. ಮತ್ತೆ ಪೆಟ್ಟಿಗೆಯ ಹಿಂದೆ ಹೋಗಿ, ಅದರ ಮೇಲೆ ಕೈ ಇಟ್ಟು ನಿಂತ್ಳು, ಮನೆಯ ಹೆಂಗಸು ಜಗಲಿಯಲ್ಲಿ ಬಂದು ನಿಂತ ಹಾಗೆ.

“ಪೋದು ಬರ್ಪೆ,” ಅಂತ ನಾನು ಪರದೆಗೆ ಹೇಳಿದೆ.

“ಪೋದು ಬಲೆ ಅಜ್ಜೆರೆ,” ಅಂದ್ಳು ಅವಳು, ಹೋಗಿ ಬನ್ನಿ ಅಂತ.

ಒತ್ತಿದೆ. ಪರದೆ ಕಪ್ಪಾಯಿತು. ನನಗೆ ಏನೂ ಆಗ್ಲಿಲ್ಲ. ಕೈ ಮುಟ್ಟಿ ನೋಡಿಕೊಂಡೆ, ಬಿಸಿ ಇತ್ತು. ಕೂಡಲೇ ಪುನಃ ಹೆಸರು ಒತ್ತಿ ಒಳಗೆ ಹೋದೆ, ಹೇಳಿದ ಮೇಲೆ ಬರ್ಬೇಕಲ್ವಾ. ಮತ್ತೆ, ಮಂಗಳವಾರ ನೋಡಿ ಕಲಿತ ಹಾಗೆ ಆ ಕಪ್ಪು ಕಿಟಕಿ ತೆರೆದು, ಯಜಮಾನನ ಗತ್ತಿನಲ್ಲಿ ಒಂದು ಕಮಾಂಡ್ ಒತ್ತಿದೆ.

ತುಕ್ರ ಪಟ್ಟಿಯಲ್ಲಿ ಇಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.

“ಯಾರಿಗೆ ವರದಿ ಮಗಾ?” ಅಂತ ಕೇಳಿದೆ.

ನಿರೀಕ್ಷಾ ಹೊಸ ನೋಟುಪುಸ್ತಕದ ಮೊದಲ ಪುಟಕ್ಕೆ ಗೆರೆ ಹಾಕ್ತಿದ್ದವಳು ತಲೆ ಎತ್ತಲಿಲ್ಲ.

“ನನಗೆ ಅಜ್ಜ.”